ದೀಪ ಇಳಿಸಿ ನೋಡೋಣ

ನಮ್ಮ ಸಾರ್ ತೀರಿಕೊಂಡರು ಎಂದು ಫೋನು ಮಾಡಿದ ಹಳೆಯ ಸಹೋದ್ಯೋಗಿ ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಅವನು ಮೇಲೊಂದು ಒಗ್ಗರಣೆ ಹಾಕಿದ. "ಒಳ್ಳೇ ಮನ್ಷ, ಪಾಪ. ಆದ್ರೆ ಹೊಸದು ಅಂದ್ರೆ ಹೆದ್ರೋರು. ಅದಕ್ಕೇ ಕಡೇಗೆ ಗೇಟಿನ ಪಕ್ಕ ಕೂರೋ ಹಂಗಾಯ್ತು," ಅಂದ.

ನನಗೆ ಮೈ ಉರಿಯಿತು. ಸಾವಿನ ಸುದ್ದಿ ಹೇಳುವವನ ಹತ್ತಿರ ಜಗಳ ಕಾಯಬಾರದು ಅಂತ ಹಲ್ಲು ಕಚ್ಚಿಕೊಂಡು "ಹೂಂ" ಅಂದೆ. ಹೆದರುತ್ತಿದ್ದರು, ನಿಜ. ಅವರಷ್ಟು ಹೆದರುವ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ಆದರೆ ಯಾವುದಕ್ಕೆ ಹೆದರುತ್ತಿದ್ದರು ಅನ್ನುವುದು ಆ ಮಹಾರಾಯನಿಗೆ ಗೊತ್ತಿಲ್ಲ. ಗೊತ್ತಿರುವವಳು ನಾನೊಬ್ಬಳೇ ಅಂತ ಆವತ್ತು ಅಂದುಕೊಂಡಿದ್ದೆ.

ಎಂಬತ್ತರ ದಶಕದ ಮಾತು. ಹೊಸೂರಿನಲ್ಲಿ ಕಾರ್ಖಾನೆಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದವು. ಬೆಳಗಿನ ಶಿಫ್ಟಿನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕನ್ನಡ, ಹಿಂದಿನ ಸೀಟಿನಲ್ಲಿ ತೆಲುಗು, ಕಂಡಕ್ಟರನ ಬಾಯಲ್ಲಿ ತಮಿಳು. ನಮ್ಮದು ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. ಅಲ್ಲಿ ಏಸಿ ಇದ್ದದ್ದು ಎರಡೇ ಕಡೆ, ಮ್ಯಾನೇಜರ್ ಕೋಣೆಯಲ್ಲಿ ಮತ್ತು ಕಂಪ್ಯೂಟರ್ ರೂಮಿನಲ್ಲಿ. ಧೂಳು ಬರಬಾರದು ಅಂತ ಕಂಪ್ಯೂಟರ್ ರೂಮಿಗೆ ಹೋಗುವವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಡಬೇಕಿತ್ತು. ದೊಡ್ಡ ದೊಡ್ಡ ಇಂಜಿನಿಯರುಗಳು ಬೂಟು ಬಿಚ್ಚುತ್ತ ಒಂಟಿ ಕಾಲಲ್ಲಿ ನಿಂತಿದ್ದರೆ, ಒಳಗಿದ್ದ ನಾವು ಹುಡುಗಿಯರು ಅವರ ಸಾಕ್ಸಿನ ತೂತು ನೋಡಿ ಮುಸಿಮುಸಿ ನಗುತ್ತಿದ್ದೆವು.

ಆ ರೂಮಿನ ಮೇಲ್ವಿಚಾರಕರು ನಮ್ಮ ಸಾರ್. ಉದ್ದನಪಲ್ಲಿಯ ಒಕ್ಕಲು ಮನೆಯವರು, ಕಾಲೇಜು ಓದಿ ಕಂಪ್ಯೂಟರ್ ಕಲಿತು ಬಂದಿದ್ದರು. ಸಣಕಲು ಆಳು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಅತ್ತಿತ್ತ ತಿರುಗಾಡುವಷ್ಟು ಜಾಗ ಇರುತ್ತಿತ್ತು. ಮೋಡ ಇರಲಿ ಬಿಡಲಿ, ಕಂಕುಳಲ್ಲಿ ಕೊಡೆ. ಮನೆಯಲ್ಲಿ ಹೆಂಡತಿಯ ಜೊತೆ ತೆಲುಗು, ಮ್ಯಾನೇಜರ್ ಜೊತೆ ತಮಿಳು, ನಮ್ಮ ಜೊತೆ ಕನ್ನಡ. ಇಂಗ್ಲಿಷನ್ನು ಮೆಷಿನ್ನಿಗೆ ಅಂತ ಎತ್ತಿಟ್ಟಿದ್ದರು. "ಅದಕ್ಕೆ ಬ್ಯಾರೆ ಬರಲ್ವಲ್ಲಮ್ಮ, ಪಾಪ," ಅನ್ನುತ್ತಿದ್ದರು.

ಬೀಗ ಹಾಕಿ ಜಗ್ಗಿ ನೋಡುವರು, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗುವರು. ಬಸ್ಸಿನ ಹಣೆಯ ಮೇಲೆ ಉದ್ದನಪಲ್ಲಿ ಅಂತ ಎಷ್ಟು ದಪ್ಪಕ್ಷರದಲ್ಲಿ ಬರೆದಿದ್ದರೂ ಡ್ರೈವರನ್ನು ಕೇಳದೆ ಹತ್ತಿದವರಲ್ಲ. ನಾನು ಒಮ್ಮೆ ಕಿಚಾಯಿಸಿದೆ, "ಬೋರ್ಡ್ ಕಾಣಾಕಿಲ್ವಾ ಸಾರ್?" ಅಂತ. "ಬೋರ್ಡು ಬರೆಯೋನು ಒಬ್ಬ, ಬಸ್ಸು ಓಡ್ಸೋನು ಇನ್ನೊಬ್ಬ ಕಣಮ್ಮ," ಅಂದರು. ಅವರ ಮುಖದಲ್ಲಿ ನಗುವಿರಲಿಲ್ಲ.

ನನ್ನ ಸಂದರ್ಶನ ಮಾಡಿದ್ದೂ ಅವರೇ. ನಾನು ಅಂಚೆಟ್ಟಿಯಿಂದಲೂ ಆಚೆ, ಬೆಟ್ಟ ಕಾಡಿನ ನಡುವಿನ ನಾಟ್ರಾಂಪಾಳ್ಯದವಳು. ಹೊಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿತಿದ್ದೆ. ನನ್ನ ಸರ್ಟಿಫಿಕೇಟನ್ನು ಅವರು ಮಗುಚಿಯೂ ನೋಡಲಿಲ್ಲ.

"ನಿಮ್ಮನೇಲಿ ಹಗೇವು ಐತಾ?" ಅಂತ ಕೇಳಿದರು.

ಹಗೇವು ಅಂದರೆ ರಾಗಿ ತುಂಬಿಡುವ ನೆಲಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಕೆಡುವುದಿಲ್ಲ. "ಐತೆ ಸಾರ್," ಅಂದೆ.

"ತೆಗೆದ ದಿನ ಏನ್ ಮಾಡ್ತಾರೆ?"

"ಚಪ್ಪಡಿ ಎತ್ತಿ ಗಾಳಿಗೆ ಬಿಡ್ತಾರೆ. ಒಳಗೆ ಕೆಟ್ಟ ಗಾಳಿ ಇರ್ತದೆ. ಆಮೇಲೆ ಲಾಟೀನು ಇಳಿಸಿ ನೋಡ್ತಾರೆ. ಉರಿದ್ರೆ ಇಳೀತಾರೆ, ಆರೋದ್ರೆ ಇಲ್ಲ."

"ಅವಸರ ಆದ್ರೆ?"

"ಅವಸರ ಆದ್ರೆ ಆವತ್ತು ಪಕ್ಕದ ಮನೇಲಿ ರಾಗಿ ಇಸ್ಕೊಂಬತ್ತಾರೆ ಸಾರ್. ಇಳಿಯಾಕಿಲ್ಲ."

"ನಾಳೆಯಿಂದ ಬಾ," ಅಂದರು. ಹೊಸೂರು ಪೇಟೆಯ ಹುಡುಗಿಯರು ನನಗಿಂತ ಚುರುಕಾಗಿ ಟೈಪು ಮಾಡುತ್ತಿದ್ದರು. ಹಗೇವಿನ ದಯೆಯಿಂದ ನನಗೆ ಕೆಲಸ ಸಿಕ್ಕಿತು ಅಂತ ಚಿಕ್ಕಮ್ಮ ಬಹಳ ದಿನ ಆಡಿಕೊಂಡು ನಕ್ಕಳು.

ಆ ಕೆಲಸ ನನಗೆ ಎಂಥದು ಅಂತ ಹೇಳಿಬಿಡಬೇಕು. ಊರಿನಲ್ಲಿ ನನಗೊಬ್ಬ ಸೋದರಮಾವ ಇದ್ದ. ಕೆಟ್ಟವನಲ್ಲ, ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಅದೇ ನನ್ನ ತಕರಾರು. ಹೆಗಲ ಮೇಲೆ ಹೊತ್ತವನ ಕೈಯಲ್ಲಿ ತಾಳಿ ಕಟ್ಟಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ನಮ್ಮ ಕಡೆ ಅದು ಹುಟ್ಟಿದಾಗಲೇ ಆಡಿಟ್ಟ ಮಾತು, ಅಷ್ಟು ಸುಲಭಕ್ಕೆ ಬಿಡುವಂಥದಲ್ಲ. ಅಪ್ಪ ಒಂದು ಬಾಗಿಲು ಮಾತ್ರ ತೆರೆದಿಟ್ಟಿದ್ದ. "ಕೆಲ್ಸ ಇರೋಗಂಟ ಹೊಸೂರಾಗೆ ಇರು. ಕೆಲ್ಸ ಬುಟ್ಟ ದಿನ ಊರಿಗೆ ಬಾ, ನಿಮ್ಮಾವ ಕಾಯ್ತವ್ನೆ," ಅಂದಿದ್ದ. ಹಾಗಾಗಿ ನನ್ನ ಕೀಬೋರ್ಡೇ ನನ್ನ ಬಾಗಿಲಿನ ಅಗಳಿಯಾಗಿತ್ತು.

ನಾವು ನಾಲ್ವರು ಹುಡುಗಿಯರು. ಯಾರೂ ಕಾಯಂ ಅಲ್ಲ. ಡೆಂಕಣಿಕೋಟೆಯಿಂದ ಬರುವ ಇಬ್ಬರು, ಕೆಲಮಂಗಲದ ಗೌರಿ ಮತ್ತು ನಾನು. ಸ್ಟೋರ್ಸಿನಿಂದ, ಗೇಟಿನಿಂದ, ಅಸೆಂಬ್ಲಿ ಲೈನಿನಿಂದ ಬರುವ ಚೀಟಿಗಳನ್ನು ಕೀಬೋರ್ಡಿನಲ್ಲಿ ಒತ್ತಿ ಮೆಷಿನ್ನಿಗೆ ಉಣಿಸುವುದು ನಮ್ಮ ಕೆಲಸ. ಯಾವ ಸಾಮಾನು ಎಷ್ಟು ಉಳಿದಿದೆ ಅನ್ನುವುದು ಮಾರನೆಯ ದಿನ ಅಗಲವಾದ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ಒಬ್ಬಳು ಒತ್ತಿದ್ದನ್ನು ಇನ್ನೊಬ್ಬಳು ನೋಡದೆ ಪುನಃ ಒತ್ತಬೇಕು. ಎರಡೂ ಹೊಂದಿದರೆ ಮೆಷಿನ್ನು ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ಕಿರುಚುತ್ತದೆ. ಎಲ್ಲ ಕಡೆಯೂ ಆಗ ಹೀಗೇ ಇತ್ತು. ನಮ್ಮ ಸಾರ್ ಅದಕ್ಕೂ ಒಂದು ಗಂಟು ಹಾಕಿದ್ದರು. ಜೋಡಿಗಳನ್ನು ದಿನಾ ಬದಲಿಸುವರು. "ಜೊತೇಲಿ ಬಾಳ ದಿನ ಕೂತೋರು ಒಂದೇ ತಪ್ಪು ಮಾಡೋಕೆ ಕಲೀತಾರೆ," ಅನ್ನುವರು. ಗೌರಿ ಜೊತೆ ಕೂತ ದಿನ ನನಗೆ ಹಬ್ಬ. ಅವಳ ಬೆರಳುಗಳು ಹುರಿಯುವ ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಓಡುತ್ತಿದ್ದವು. ಕಣ್ಣು ಚೀಟಿಯ ಮೇಲೆ, ಬಾಯಲ್ಲಿ ನನ್ನ ಜೊತೆ ಹರಟೆ. ತಪ್ಪು ಅಂತ ಮೆಷಿನ್ನು ಕಿರುಚಿದರೆ ಅದು ನನ್ನದೇ ಆಗಿರುತ್ತಿತ್ತು.

ಒಂದು ದಿನ ಮೆಷಿನ್ನು ಮಾರಿದ್ದ ಕಂಪನಿಯವನು ಮದರಾಸಿನಿಂದ ಬಂದ. ಹೊಸ ಆಪರೇಟಿಂಗ್ ಸಿಸ್ಟಂ ಬಂದಿದೆ, ನಿಮ್ಮ ಮೆಷಿನ್ನಿಗೆ ಹಾಕಿಸಿಕೊಳ್ಳಿ ಅಂದ. ಮ್ಯಾನೇಜರ್ ಅವನ ಎದುರಿಗೇ ನಮ್ಮ ಸಾರ್ ಕಡೆ ಕೈ ತೋರಿಸಿದರು. "ಇವರು ಸರಿ ಅಂತ ಬರೆದುಕೊಟ್ಟರೆ ಹಾಕೋಣ, ಬೇಡ ಅಂದರೆ ಬೇಡ. ಆಯುಧಪೂಜೆ ಹೊತ್ತಿಗೆ ಹೇಳಲಿ," ಅಂತ ತಮಿಳಿನಲ್ಲಿ ಹೇಳಿ ಹೋದರು. ನಮ್ಮ ಸಾರ್ ಮಾತಿನ ಮೇಲೆ ಅಷ್ಟು ನಂಬಿಕೆ ಅವರಿಗೆ.

ಅದೇನು ಅಂತ ಊಟದ ಹೊತ್ತಿನಲ್ಲಿ ನಾವು ಕೇಳಿದೆವು. ಸಾರ್ ಮುದ್ದೆ ಮುರಿಯುತ್ತ ಹೇಳಿದರು. "ಮೆಷಿನ್ನು ಅಂದ್ರೆ ಮನೆ. ಆಪರೇಟಿಂಗ್ ಸಿಸ್ಟಂ ಅಂದ್ರೆ ಮನೆ ಯಜಮಾನಿ. ಈಗಿರೋಳು ಒಬ್ರಿಗೆ ಬಡ್ಸಿ, ಕೈ ತೊಳ್ಸಿ, ಆಮೇಲೆ ಇನ್ನೊಬ್ರಿಗೆ ಎಲೆ ಹಾಕ್ತಾಳೆ. ಹೊಸಬಳು ಎಂಟು ಜನಕ್ಕೂ ಒಂದೇ ಪಂಕ್ತೀಲಿ ಬಡಿಸ್ತಾಳೆ. ಸ್ಟೋರ್ಸಲ್ಲೊಂದು, ಗೇಟಲ್ಲೊಂದು, ಲೈನಲ್ಲೊಂದು ಸ್ಕ್ರೀನು ಇಟ್ರೆ ಅವರವರ ಲೆಕ್ಕ ಅವರವರೇ ಅಲ್ಲೇ ಕೂತು ಒತ್ಕೊಂಬೋದು."

"ಮತ್ತೆ ನಾವು ಸಾರ್?" ಅಂದಳು ಗೌರಿ.

ಬೇರೆ ಯಾರಾದರೂ ಆಗಿದ್ದರೆ ನೋಡೋಣ, ಮಾಡೋಣ ಅಂತ ಜಾರಿಕೊಳ್ಳುತ್ತಿದ್ದರು. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟರು. "ಒಬ್ರೋ ಇಬ್ರೋ ಸಾಕಾಗ್ತದಮ್ಮ. ಅದೂ ಹೊಸದು ಬಲ್ಲೋರು. ನಿಮ್ಮಲ್ಲಿ ಯಾರಿಗೂ ಅದು ಬರಲ್ಲ," ಅಂದರು. ಆವತ್ತು ಅವರೂ ಉಣ್ಣಲಿಲ್ಲ, ನಾವೂ ಉಣ್ಣಲಿಲ್ಲ.

"ದೀಪ ಇಳಿಸಿ ನೋಡೋಣ," ಅಂತ ಕೊನೆಗೆ ಎದ್ದರು. ಏನೇ ಹೊಸದು ಬಂದರೂ ಅವರ ಬಾಯಲ್ಲಿ ಬರುವುದು ಆ ಮಾತೇ. ಹೊಸ ಕ್ಯಾಂಟೀನ್ ಗುತ್ತಿಗೆದಾರ ಬಂದಾಗಲೂ ಅದನ್ನೇ ಹೇಳಿದ್ದರು.

ಇದ್ದದ್ದು ಒಂದೇ ಮೆಷಿನ್ನು. ಮಧ್ಯಾಹ್ನದವರೆಗೆ ಹಳೆಯ ಸಿಸ್ಟಂ, ಊಟದ ನಂತರ ಅದೇ ಚೀಟಿಗಳನ್ನು ಹೊಸದರಲ್ಲಿ. ಎರಡರ ಉತ್ತರವೂ ಒಂದೇ ಬರುತ್ತದೆಯೋ ನೋಡುವುದು. ಅದಕ್ಕೆ ದೊಡ್ಡ ಟಿಫಿನ್ ಡಬ್ಬದಂಥ ಡಿಸ್ಕ್ ಪ್ಯಾಕನ್ನು ಪ್ರತಿ ಮಧ್ಯಾಹ್ನ ಕಳಚಿ, ಇನ್ನೊಂದನ್ನು ಕೂರಿಸಬೇಕು. ಅವರಿಗೆ ಕೈ ಕೊಡುತ್ತಿದ್ದವಳು ನಾನು. ನಾವು ನಾಲ್ವರೂ ಹೊಸದು ಕೆಟ್ಟು ಕೂರಲಿ ಅಂತ ಹರಕೆ ಹೊತ್ತೆವು. ಗೌರಿಯಂತೂ ಕೆಲಮಂಗಲದ ಹಾದಿಯ ಒಂದು ದೇವರನ್ನೂ ಬಿಡಲಿಲ್ಲ.

ಹಾಗೆ ಒಂದು ಮಧ್ಯಾಹ್ನ ಪ್ಯಾಕು ಬದಲಿಸುವಾಗ ಕೇಳಿದೆ, "ಎಲ್ಲದಕ್ಕೂ ದೀಪ ದೀಪ ಅಂತೀರಲ್ಲ ಸಾರ್, ಯಾಕೆ?" ಅಂತ.

ಅವರು ಮೆಷಿನ್ನಿನ ಮುಚ್ಚಳ ಹಾಕಿ, ಅದು ಸರಿಯಾಗಿ ಕೂತಿದೆಯೇ ಅಂತ ಎರಡು ಸಲ ಅದುಮಿ, ಆಮೇಲೆ ಹೇಳಿದರು. ಅವರು ಕಾಲೇಜಿನಿಂದ ರಜಕ್ಕೆ ಉದ್ದನಪಲ್ಲಿಗೆ ಬಂದಿದ್ದಾಗಿನ ಮಾತು. ಮನೆಯ ಹಗೇವು ತೆಗೆದರು. ಗಾಳಿಗೆ ಬಿಟ್ಟರು. ಇವರೇ ಲಾಟೀನಿಗೆ ಹಗ್ಗ ಕಟ್ಟಿ ಇಳಿಸಿದರು. ಲಾಟೀನು ಚೆನ್ನಾಗಿ ಉರಿಯಿತು. ಇವರ ಅಣ್ಣ ಇಳಿದ, ಮೇಲೆ ಬರಲಿಲ್ಲ.

"ಉರೀತಿತ್ತು ಅಂದ್ರಲ್ಲ ಸಾರ್?" ಅಂದೆ.

"ಉರೀತಿತ್ತು. ಹಿಂದಿನ ದಪ ತೆಗೆದಾಗ ರಾಗಿ ಅರ್ಧ ಇತ್ತು, ಆ ಹಗ್ಗ ಸಾಕಾಗಿತ್ತು. ಈ ದಪ ರಾಗಿ ತಳ ಕಂಡಿತ್ತು. ಹಗ್ಗ ಅದೇ. ದೀಪ ನಡುವೆ ಎಲ್ಲೋ ನೇತಾಡ್ಕೊಂಡು ಉರೀತಿತ್ತು. ಕೆಟ್ಟ ಗಾಳಿ ಭಾರ, ತಳದಾಗೆ ಕೂತಿರ್ತದೆ. ಅದನ್ನ ಓದಿದ್ದೋನು ಆ ಮನೇಲಿ ನಾನೊಬ್ನೇ. ಹಗ್ಗ ಹಿಡಿದಿದ್ದೋನೂ ನಾನೇ."

ಇಷ್ಟು ಹೇಳಿ ಹೊಸ ಸಿಸ್ಟಮ್ಮನ್ನು ಚಾಲೂ ಮಾಡಿದರು. ಯಾರಿಗೂ ಹೇಳಬೇಡ ಅಂತ ಅವರು ಅನ್ನಲಿಲ್ಲ, ಆದರೂ ನಾನು ಯಾರಿಗೂ ಹೇಳಲಿಲ್ಲ. ಗೌರಿಗೂ ಹೇಳಲಿಲ್ಲ.

ಹೊಸದು ಕೆಡಲಿಲ್ಲ. ನಮ್ಮ ಹರಕೆಗಳೆಲ್ಲ ನೀರಿಗೆ ಹೋದವು. ಹಳೆಯದು ಮಾರನೆಯ ದಿನ ಹೇಳುವುದನ್ನು ಹೊಸದು ಒತ್ತಿದ ಕೂಡಲೇ ಹೇಳುತ್ತಿತ್ತು. ಸಾರ್ ಅದನ್ನು ನೋಡುವಾಗ ನಾನು ಅವರ ಮುಖ ನೋಡುತ್ತಿದ್ದೆ. ಒಳ್ಳೆಯ ಎತ್ತಿನ ಬೆನ್ನು ಸವರುವವರ ಹಾಗೆ ಒಂದು ಗಳಿಗೆ ಬೆಳಗುವರು, ಮರುಗಳಿಗೆ ನಾವು ನಾಲ್ವರು ಕೂತ ಕಡೆ ಕಣ್ಣು ಹೋಗಿ ಕಪ್ಪಿಡುವರು. ಆ ದಿನಗಳಲ್ಲಿ ಅವರು ಇನ್ನೂ ಸೊರಗಿದರು. ಬೀಗ ಜಗ್ಗುವುದು ಎರಡರಿಂದ ಮೂರಕ್ಕೆ ಏರಿತು. ಮ್ಯಾನೇಜರ್ ಬಾಗಿಲಲ್ಲಿ ಇಣುಕಿ "ಎನ್ನ ಸಾರ್, ಮುಡಿಂಜುದಾ?" ಅಂತ, ಮುಗಿಯಿತಾ ಅಂತ, ಕೇಳಿದಾಗಲೆಲ್ಲ ಇವರು ಎದ್ದು ನಿಂತು ಕೊಡೆ ಹುಡುಕುತ್ತಿದ್ದರು, ಎಲ್ಲಿಗೋ ಹೊರಟವರ ಹಾಗೆ.

ಆಯುಧಪೂಜೆಗೆ ಮೊದಲ ದಿನ. ಹೊರಗೆ ಲೇತ್ ಮೆಷಿನ್ನುಗಳಿಗೆಲ್ಲ ಅರಿಶಿನ ಕುಂಕುಮ ಬಳಿಯುತ್ತಿದ್ದರು, ಬೂದುಗುಂಬಳ ತಂದು ರಾಶಿ ಹಾಕಿದ್ದರು. ಮಿಕ್ಕ ಮೂವರೂ ಹೂವು ಕಟ್ಟಲು ಹೋಗಿದ್ದರು. ಸಾರ್ ಬಿಳಿ ಹಾಳೆಯೊಂದನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ನಾನು ಹೋಗಿ ನಿಂತೆ. ಅಳುವ ಜಾತಿಯವಳಲ್ಲ ನಾನು.

"ಬ್ಯಾಡ ಅಂತ ಬರೀರಿ ಸಾರ್. ನೀವು ಬ್ಯಾಡ ಅಂದ್ರೆ ಬ್ಯಾಡ ಅಂದವ್ರೆ ಮ್ಯಾನೇಜ್ರು."

"ಏನಂತ ಬರೀಲಮ್ಮ? ಸಿಸ್ಟಂ ಚೆನ್ನಾಗೈತೆ. ದೀಪ ಉರೀತಾ ಐತಲ್ಲ."

"ನಾನು ಊರಿಗೆ ಹೋದ್ರೆ ತಿರುಗಿ ಬರಲ್ಲ ಸಾರ್. ಮಾವನ ಕೈಲಿ ತಾಳಿ ಕಟ್ಟಿಸ್ತಾರೆ. ಆ ಮೂರು ಜನದ ಕತೇನೂ ಇಂಥದೇ ಏನೋ ಒಂದು ಇರ್ತದೆ."

"ಸುಳ್ಳು ಬರೆದ್ರೆ ಆ ಕಾಗದಾನ ನಂಬ್ಕೊಂಡು ಕಾರ್ಖಾನೆ ನಡೀಬೇಕಲ್ಲಮ್ಮ."

ಆಗ ನಾನು ಕೇಳಿಬಿಟ್ಟೆ. "ದೀಪ ಉರೀತೈತೆ, ಸರಿ. ಹಗ್ಗ ತಳ ಮುಟ್ಟೈತಾ ಸಾರ್? ತಳದಾಗೆ ಇರೋರು ನಾವು."

ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, "ನೀನು ಹೂವು ಕಟ್ಟೋಗಮ್ಮ," ಅಂದರು. ನಾನು ಹೋದೆ. ನಮ್ಮ ನಾಲ್ವರ ಅನ್ನ ಆ ಒಂದು ಪೆನ್ನಿನ ತುದಿಯಲ್ಲಿತ್ತು. ಕೇಳಿದ್ದಕ್ಕೆ ನಾನು ಆವತ್ತೂ ಪಶ್ಚಾತ್ತಾಪಪಡಲಿಲ್ಲ, ಈಗಲೂ ಇಲ್ಲ.

ಹಬ್ಬ ಮುಗಿದ ಮೇಲೆ ಮ್ಯಾನೇಜರ್ ಕೋಣೆಯ ಗಾಜಿನಾಚೆಯಿಂದ ಕೂಗು ಕೇಳಿತು. "ಒರು ವರುಷಮಾ?" ಒಂದು ವರ್ಷವಾ? ಪರೀಕ್ಷೆ ಮುಗಿದಿಲ್ಲ, ಇನ್ನೂ ಒಂದು ವರ್ಷ ಬೇಕು ಅಂತ ಸಾರ್ ಬರೆದಿದ್ದರು. ಎಲ್ಲವನ್ನೂ ಎರಡೆರಡು ಕೈಯಲ್ಲಿ ಒತ್ತಿಸುತ್ತಿದ್ದ ಮನುಷ್ಯ ಆ ಒಂದು ಸಾಲನ್ನು ಮಾತ್ರ ಒಬ್ಬರೇ ಬರೆದು, ಒಬ್ಬರೇ ಕೊಟ್ಟು ಬಂದಿದ್ದರು. ಮದರಾಸಿನವನು ಚಪ್ಪಲಿ ಮೆಟ್ಟಿಕೊಳ್ಳುತ್ತ ನಕ್ಕು ಹೋದ. ರಾಗಿ ತಿನ್ನುವ ಗೌಡರಿಗೆ ಹೊಸ ಸಿಸ್ಟಂ ಅಂದರೆ ಭಯ ಅಂತ ಅವನು ಆಡಿದ ಮಾತು ಸಂಜೆಯೊಳಗೆ ಕಾರ್ಖಾನೆಯನ್ನೆಲ್ಲ ಸುತ್ತಿತು.

ಮಾರನೆಯ ದಿನ ಊಟದ ನಂತರ ಎಂದಿನಂತೆ ಡಿಸ್ಕ್ ಪ್ಯಾಕು ಬದಲಾಯಿತು. ಸಾರ್ ನಾಲ್ಕು ಕುರ್ಚಿಗಳನ್ನು ಸ್ಕ್ರೀನಿನ ಎದುರಿಗೆ ಎಳೆದರು. "ಕೂತ್ಕೊಳ್ರಮ್ಮ. ನಿಮಗೆ ಇದು ಬರಬೇಕು. ಅವರು ಹಾಕೋ ದಿನ ಹಾಕೇ ಹಾಕ್ತಾರೆ. ಅಷ್ಟರೊಳಗೆ ಬರಬೇಕು," ಅಂದರು.

ಒಂದು ವರ್ಷ ಅದೇ ನಡೆಯಿತು. ಮ್ಯಾನೇಜರ್ ಲೆಕ್ಕದಲ್ಲಿ ಅದು ಪರೀಕ್ಷೆ, ನಮಗೆ ಅದು ಶಾಲೆ. ಡೆಂಕಣಿಕೋಟೆಯ ಇಬ್ಬರು ಬೇಗ ಹಿಡಿದುಕೊಂಡರು. ನಾನು ತಿಣುಕಿ ತಿಣುಕಿ ಕಲಿತೆ. ಬೆರಳಿಗೆ ರೆಕ್ಕೆಯಿದ್ದ ಗೌರಿಗೆ ಮಾತ್ರ ಅದು ಒಲಿಯಲಿಲ್ಲ. ಹಳೆಯ ಸಿಸ್ಟಂ ಕೊಟ್ಟದ್ದನ್ನು ನುಂಗಿ ಸುಮ್ಮನಿರುತ್ತಿತ್ತು. ಹೊಸದು ಮಾತು ಮಾತಿಗೂ ತಿರುಗಿ ಕೇಳುತ್ತಿತ್ತು. ಅಳಿಸಲೇ? ಉಳಿಸಲೇ? ಖಂಡಿತವೇ? ಕೇಳಿದ ಕೂಡಲೇ ಗೌರಿಯ ಕೈ ಗಾಳಿಯಲ್ಲಿ ನಿಂತುಬಿಡುತ್ತಿತ್ತು. "ಅದು ಕೇಳ್ತದೆ ಕಣೆ. ನಂಗೆ ಯಾರಾದ್ರು ಕೇಳಿದ್ರೆ ಹೆದ್ರಿಕೆ ಆಗ್ತದೆ," ಅನ್ನುವಳು. ಹುಟ್ಟಿದಾಗಿನಿಂದ ಯಾರೂ ಅವಳನ್ನು ಹೌದೋ ಅಲ್ಲವೋ ಅಂತ ಕೇಳಿರಲಿಲ್ಲ, ಹೇಳಿದ್ದನ್ನು ಮಾಡಿ ಗೊತ್ತು. ನಾವು ಹೋದ ಮೇಲೂ ಅವಳ ಬಸ್ಸು ಬರುವವರೆಗೆ ಸಾರ್ ಅವಳಿಗೆ ಹೇಳಿಕೊಡುವರು. "ಹೆದರ್ಬ್ಯಾಡಮ್ಮ, ಅದು ಬೈಯಲ್ಲ, ಕೇಳ್ತದೆ ಅಷ್ಟೆ," ಅನ್ನುವರು. ಅವರೂ ಹೆದರುವವರೇ, ಅದಕ್ಕೇ ಅವಳ ಮೇಲೆ ಒಂದು ಕೂಗು ಹಾಕಿದವರಲ್ಲ.

ಆ ವರ್ಷ ಬಿಟ್ಟಿ ಬರಲಿಲ್ಲ. ಹಳೆಯ ಸಿಸ್ಟಮ್ಮಿನ ಲೆಕ್ಕ ಯಾವಾಗಲೂ ಒಂದು ದಿನ ಹಿಂದೆ. ಒಂದು ಬೆಳಗ್ಗೆ, ಹಿಂದಿನ ಸಂಜೆಯಷ್ಟೇ ಬಂದು ಸ್ಟೋರ್ಸಿನ ಕಪಾಟಿನಲ್ಲಿ ತುಂಬಿದ್ದ ಒಂದು ಸಣ್ಣ ನಟ್ಟು ಕಾಗದದ ಮೇಲೆ ಇಲ್ಲ ಅಂತ ಬಂದು, ಕಾಗದ ನಂಬಿದ ಸ್ಟೋರ್ಸಿನವರು ಅದನ್ನು ಕೊಡದೆ ಅಸೆಂಬ್ಲಿ ಲೈನು ನಿಂತುಹೋಯಿತು. ಹೊಸದಿದ್ದಿದ್ದರೆ ಹಾಗಾಗುತ್ತಿರಲಿಲ್ಲ, ಅದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಸಾರ್ ರೂಮಿನಲ್ಲಿ ಅಡಗಿ ಕೂರಲಿಲ್ಲ. ಹೋಗಿ ಕೈಕಟ್ಟಿ ಲೈನಿನ ಪಕ್ಕ ನಿಂತರು. "ಬಂದ ನೋಡ್ಲಾ, ಹಳೇ ಟೇಪು," ಅಂತ ಯಾರೋ ಅಂದರು. ನಿಂತೇ ಇದ್ದರು. ತಿರುಗಿ ಬಂದು ಮೆಷಿನ್ನಿನ ಮುಂದೆ ಕೂತು, ಮುಂದಿನ ಚೀಟಿಗಳನ್ನು ಎಳೆದುಕೊಂಡರು. ನಮ್ಮನ್ನು ಕಾಯಲು ಹೋಗಿ ಅವರು ಅನ್ಯಾಯ ಮಾಡಿದರೇ? ಲೈನಿನಲ್ಲಿ ಬೈಸಿಕೊಂಡ ಫೋರ್‌ಮನ್‌ನನ್ನು ಕೇಳಿದರೆ ಹೌದು ಅನ್ನುತ್ತಾನೆ. ನನಗೆ ಇವತ್ತಿಗೂ ಇದರ ಲೆಕ್ಕ ಹೊಂದಿಲ್ಲ.

ವರ್ಷ ತುಂಬುವ ಹೊತ್ತಿಗೆ ಮ್ಯಾನೇಜರ್ ಸಹನೆ ಮುಗಿದಿತ್ತು. ಮದರಾಸಿನಿಂದ ಒಬ್ಬ ಕಿರಿಯ ಅಧಿಕಾರಿಯನ್ನು ಕರೆಸಿ ಇವರ ಕುರ್ಚಿಯಲ್ಲಿ ಕೂರಿಸಿದರು. ನಮ್ಮ ಸಾರ್ ಗೇಟಿನ ಪಕ್ಕದ ಡಿಸ್ಪ್ಯಾಚ್ ಸೆಕ್ಷನ್ನಿಗೆ ಹೋದರು. ಹೊಸ ಸಿಸ್ಟಂ ಬಂತು. ಹೊಸಬರು ನಮ್ಮನ್ನು ಒಬ್ಬೊಬ್ಬರನ್ನೇ ಸ್ಕ್ರೀನಿನ ಮುಂದೆ ಕೂರಿಸಿ ಪರೀಕ್ಷಿಸಿದರು. ಈ ಹಳ್ಳಿ ಹುಡುಗಿಯರಿಗೆ ಏನು ಬರುತ್ತದೆ ಅಂತ ಬಂದವರು, ಮೂವರ ಕೆಲಸ ನೋಡಿ ಬೆರಗಾಗಿ ಮೂವರನ್ನೂ ಇಟ್ಟುಕೊಂಡರು. ಎಲ್ಲಿ ಕಲಿತಿರಿ ಅಂತ ಕೇಳಿದರು. "ಟ್ರಯಲ್ ನೋಡ್ತಾ ನೋಡ್ತಾ ಬಂತು ಸಾರ್," ಅಂದೆ. ಹಾಗನ್ನಬೇಕು ಅಂತ ನಮ್ಮ ಸಾರ್ ಮೊದಲೇ ಹೇಳಿದ್ದರು.

ಗೌರಿಯ ಸರದಿ ಬಂದಾಗ ಸ್ಕ್ರೀನು ಕೇಳಿತು. ಅವಳ ಕೈ ಗಾಳಿಯಲ್ಲಿ ನಿಂತಿತು.

ಆವತ್ತು ಸಂಜೆ ಕಾರ್ಖಾನೆಯ ಮುಂದಿನ ಬಸ್ ಸ್ಟಾಪಿನಲ್ಲಿ ಗೌರಿ ತನ್ನ ಊಟದ ಡಬ್ಬಿ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ನಮ್ಮ ಸಾರ್. ರಾಯಕೋಟೆ ಬಸ್ಸು ಬಂತು. ದಿನಾ ಅವಳು ಹತ್ತುವ ಬಸ್ಸೇ. ಆದರೂ ಅವರು ಮುಂದೆ ಹೋಗಿ, "ಕೆಲಮಂಗಲದಲ್ಲಿ ನಿಲ್ಲಿಸ್ತೀರಾ?" ಅಂತ ಡ್ರೈವರನ್ನು ಕೇಳಿದರು. ಅವನು ಹೂಂ ಅಂದ ಮೇಲೂ ಇನ್ನೊಂದು ಸಲ ಕೇಳಿದರು. ನಾನು ದೂರದಲ್ಲೇ ನಿಂತೆ, ಹತ್ತಿರ ಹೋಗಲು ನನ್ನಿಂದಾಗಲಿಲ್ಲ. ಮುಂದಿನ ಲಗ್ನದ ಕಾಲಕ್ಕೇ ಅವಳನ್ನು ರಾಯಕೋಟೆ ಕಡೆ ಟೊಮೇಟೊ ಬೆಳೆಯುವವರ ಮನೆಗೆ ಕೊಟ್ಟರಂತೆ.

ನನ್ನ ಮಾವ ಇನ್ನೊಂದು ಹುಡುಗಿಯನ್ನು ಮದುವೆಯಾದ. ನಾನು ಕಾಯಂ ಆದೆ. ನಮ್ಮ ಸಾರ್ ನಿವೃತ್ತಿಯಾಗುವವರೆಗೂ ಡಿಸ್ಪ್ಯಾಚಿನಲ್ಲೇ ಇದ್ದರು. ಲಾರಿಯ ಹಗ್ಗದ ಗಂಟನ್ನು ಎರಡೆರಡು ಸಲ ಜಗ್ಗಿ ನೋಡುವರು ಅಂತ ಡ್ರೈವರುಗಳು ಗೊಣಗುತ್ತಿದ್ದರು. ಅವರನ್ನು ಯಾರಾದರೂ ಹಳೇ ಟೇಪು ಅಂದಾಗಲೆಲ್ಲ ನನಗೆ ನಿಜ ಹೇಳಿಬಿಡೋಣ ಅನ್ನಿಸುತ್ತಿತ್ತು. ಒಮ್ಮೆ ಅವರನ್ನೇ ಕೇಳಿದೆ. "ಬ್ಯಾಡ. ನಾನು ಬರ್ದಿದ್ದು ಸುಳ್ಳೇ ತಾನೆ? ಅದಕ್ಕೆ ಇಷ್ಟಾದ್ರು ಆಗ್ಬೇಕು," ಅಂದರು. ಆಮೇಲೆ ಲಾರಿಗಳ ಕಡೆ ನೋಡುತ್ತ, "ಗೌರಿ ಸುದ್ದಿ ಏನಾದ್ರು ಗೊತ್ತೇನಮ್ಮ?" ಅಂದರು. ನಾವು ಮೂವರು ಉಳಿದದ್ದರ ಬಗ್ಗೆ ಅವರು ಒಂದು ದಿನವೂ ಸಂತೋಷಪಟ್ಟದ್ದನ್ನು ನಾನು ಕಾಣಲಿಲ್ಲ.

ಹನ್ನೊಂದನೆಯ ದಿನಕ್ಕೆ ಉದ್ದನಪಲ್ಲಿಗೆ ಹೋದೆ. ಬಸ್ಸು ಹತ್ತುವ ಮೊದಲು ಡ್ರೈವರನ್ನು ಕೇಳಿಯೇ ಹತ್ತಿದೆ. ಮನೆಯ ಮುಂದೆ ಚಪ್ಪರ, ಹಿತ್ತಲಲ್ಲಿ ಅಡುಗೆ. ಅಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಗಸರ ನಡುವೆ ಒಂದು ಕೈ ಮಾತ್ರ ಎಲ್ಲರಿಗಿಂತ ಚುರುಕಾಗಿ ಓಡುತ್ತಿತ್ತು. ಆ ಬೆರಳುಗಳನ್ನು ನೋಡಿಯೇ ಗುರುತು ಹಿಡಿದೆ.

ಗೌರಿ ದಪ್ಪಗಾಗಿದ್ದಳು, ಬಿಸಿಲಿಗೆ ಕಪ್ಪಗಾಗಿದ್ದಳು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನಿನಗೆ ಸುದ್ದಿ ಹೇಗೆ ತಿಳಿಯಿತು ಅಂದೆ.

"ತಿಳೀದೆ ಏನು? ವರ್ಷ ವರ್ಷ ಅವರೆಕಾಯಿ ಕಾಲಕ್ಕೆ ನಮ್ಮನೇಗೆ ಬರೋರಲ್ಲ. ಒಂದು ಚೀಲ ಅವರೆಕಾಯಿ ತಂದು, ಜಗಲಿ ಮ್ಯಾಲೆ ಕೂತು, ಚೆನ್ನಾಗಿದ್ದೀಯೇನಮ್ಮ ಅನ್ನೋರು. ನೀರು ಕುಡಿದು ಎದ್ದೋಗೋರು. ಈ ವರ್ಷ ಬರ್ಲಿಲ್ಲ ಅಂತ ನಾನೇ ವಿಚಾರಿಸ್ದೆ."

ಗೌರಿ ಸುದ್ದಿ ಗೊತ್ತಾ ಅಂತ ನನ್ನನ್ನು ಕೇಳಿದ್ದರಲ್ಲ, ಆಮೇಲೆ ತಾವೇ ಹುಡುಕಿಕೊಂಡು ಹೋಗಿದ್ದರು.

ಗೌರಿ ಬದನೆಕಾಯಿ ಹೆಚ್ಚುತ್ತಲೇ ಅಂದಳು. "ಒಂದು ದಪ ನಾನೇ ಕೇಳ್ದೆ, ಇಷ್ಟು ದೂರ ಯಾಕ್ ಬತ್ತೀರ ಸಾರ್ ಅಂತ. 'ಹಗ್ಗ ಹಿಡಿದಿದ್ದೋನು ನಾನೇ ಅಲ್ವೇನಮ್ಮ' ಅಂದ್ರು. ಯಾವ ಹಗ್ಗವೋ ಏನೋ, ನಂಗೆ ತಿಳೀಲಿಲ್ಲ. ಕೇಳೋಕೆ ಹೆದ್ರಿಕೆ ಆಯ್ತು. ನಿಂಗೇನಾದ್ರು ಗೊತ್ತೇನೆ?"

ಹೇಳಿದೆ. ಹಗೇವು, ಲಾಟೀನು, ಅಣ್ಣ, ತಳ ಮುಟ್ಟದ ಹಗ್ಗ, ಆಯುಧಪೂಜೆಯ ಹಿಂದಿನ ದಿನ ನಾನು ಕೇಳಿದ ಮಾತು, ಎಲ್ಲ ಹೇಳಿದೆ. ಅವಳು ಈಳಿಗೆಮಣೆಯಿಂದ ಕೈ ತೆಗೆದು ಕೇಳಿದಳು. ಒಳಗೆ ಯಾರೋ ಎಲೆ ಹಾಕಿ ಅಂತ ಕೂಗಿದರು.

ಗೌರಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನು ಬದ್ಕೇ ಇದ್ದೀನಲ್ಲೇ," ಅಂದಳು. "ಇದು ಗೊತ್ತಿದ್ದಿದ್ರೆ ಅವರಿಗೆ ಒಂದು ಮಾತು ಹೇಳ್ತಿದ್ದೆ."